ಗಿಡಕ್ಕೆ ಭೂಪ ಕಲಿಸಿದ ಗುರು ಯಾರು?

ಈಚೆಗೆ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಕಲೆ, ವಿಜ್ಞಾನ, ತಂತ್ರಜ್ಞಾನಗಳ ತ್ರಿವೇಣಿ ಸಂಗಮವೆಂದು ಬಾಗಿಲಲ್ಲೇ ಬರೆದಿತ್ತು. ಒಳಗೆ ಕುಂಡದಲ್ಲೊಂದು ಮನಿಪ್ಲಾಂಟು. ಅದರ ಎರಡು ಎಲೆಗಳಿಗೆ ತಂತಿ. ತಂತಿಯ ತುದಿಗೊಂದು ಪೆಟ್ಟಿಗೆ. ಪೆಟ್ಟಿಗೆಯಿಂದ ಮೆಲ್ಲನೆ ಸಂಗೀತ ಹೊರಡುತ್ತಿತ್ತು. ನಿಸರ್ಗ ನಿಮ್ಮೊಡನೆ ಮಾತಾಡುತ್ತಿದೆಯೆಂದು ಪಕ್ಕದ ಹಲಗೆ ಸಾರುತ್ತಿತ್ತು. ಕೆಲವರು ಕಣ್ಣು ಮುಚ್ಚಿ ನಿಂತಿದ್ದರು. ಒಬ್ಬ ತಾಯಿ ಕೈಯನ್ನೇ ಮುಗಿದರು. ನಾನು ಮುಶಿಗೇರಿಯವನು, ಹಿಂದೂಸ್ತಾನಿ ಸಂಗೀತದ ಗಾಳಿ ಬೀಸುವ ಸೀಮೆಯವನು. ಕಿವಿಗೊಟ್ಟು ಕೇಳಿದೆ: ಅಪ್ಪಟ ಭೂಪ ರಾಗದ ಐದು ಸ್ವರಗಳು! ಈ ಗಿಡಕ್ಕೆ ಭೂಪ ಕಲಿಸಿದ ಗುರು ಯಾರು?

ಗುರು ಪೆಟ್ಟಿಗೆಯೊಳಗಿದ್ದಾನೆ. ಎಲೆಯಲ್ಲಿ ವಿದ್ಯುತ್ತು ಹರಿಯುವ ಪ್ರಮಾಣ ಕ್ಷಣಕ್ಷಣಕ್ಕೂ ಕೊಂಚ ಏರಿಳಿಯುತ್ತದೆ. ಯಾವ ಏರಿಳಿತಕ್ಕೆ ಯಾವ ಸ್ವರವೆಂಬುದನ್ನು ಯಂತ್ರ ಕಟ್ಟಿದವನು ಮೊದಲೇ ಗೊತ್ತುಮಾಡಿರುತ್ತಾನೆ. ಅದೇ ತಂತಿಯನ್ನು ಒದ್ದೆ ಕೌದಿಗೆ ಸಿಕ್ಕಿಸಿದರೂ ಭೂಪವೇ ಬಂದೀತು.

ಗಿಡ ಸದ್ದು ಮಾಡುತ್ತದೆಂಬುದು ಸುಳ್ಳಲ್ಲ. 2023ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದವರು, ನೀರಿಲ್ಲದೆ ಬಾಡಿದ ಟೊಮ್ಯಾಟೊ ಗಿಡ ಗಂಟೆಗೆ 30ಕ್ಕೂ ಹೆಚ್ಚು ಸಲ ಚಿಟಿಕೆ ಹೊಡೆದಂಥ ಸದ್ದು ಹೊರಡಿಸುವುದನ್ನು ದಾಖಲಿಸಿದರು. ಅದು ಮನುಷ್ಯನ ಕಿವಿಗೆ ನಿಲುಕದ ಸ್ಥಾಯಿಯದು. ಸುದ್ದಿ ಮುಟ್ಟಿದ್ದೇ ತಡ, ಗಿಡ ಅತ್ತಿತು, ಚೀರಿತು ಎಂಬ ಬರೆಹಗಳು ಹೊರಟವು. ನೀರು ಸಾಗಿಸುವ ನಾಳಗಳಲ್ಲಿ ಗುಳ್ಳೆ ಒಡೆಯುವ ಸದ್ದಿರಬಹುದೆಂಬ ಸಂಶೋಧಕರ ಮಾತು ಯಾರಿಗೂ ರುಚಿಸಲಿಲ್ಲ. ಸದ್ದು ಮಾತಾಗಬೇಕಾದರೆ ಕೇಳುವವನೊಬ್ಬ ಬೇಕು, ಕೇಳಿದ್ದರಿಂದ ಅವನ ನಡೆ ಬದಲಾಗಬೇಕು. 2025ರಲ್ಲಿ ಅದೇ ತಂಡ, ಹೆಣ್ಣು ಪತಂಗ ಮೊಟ್ಟೆಯಿಡಲು ಗಿಡ ಆರಿಸುವಾಗ ಈ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಂದು ತೋರಿಸಿತು. ಕೌತುಕವಿರುವುದು ಇಲ್ಲಿ. ಇದಕ್ಕೆ ಯಾರೂ ಕೈಮುಗಿಯಲಿಲ್ಲ.

ಪ್ರಾಣಿಗಳ ಬಾಯಲ್ಲಿ ನಮ್ಮ ಮಾತಾಡಿಸುವ ಚಾಳಿ ಹೊಸದೇನಲ್ಲ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನ ಸಯ್ಯಡಿಯನ್ನು ವಿದ್ವಾಂಸರು ನಮ್ಮ ರೋಣ ತಾಲೂಕಿನ ಸವಡಿಯೆಂದೇ ಗುರುತಿಸುತ್ತಾರೆ. ಚಾಲುಕ್ಯ ಜಯಸಿಂಹನ ಆ ಸಂಧಿವಿಗ್ರಹಿ ನರಿ ಸಿಂಹಗಳಿಂದ ರಾಜನೀತಿ ನುಡಿಸಿದ. ಆದರೆ ಅವನು ಕಥೆಯನ್ನು ಕಥೆಯೆಂದೇ ಕೊಟ್ಟ. ನರಿಯ ಬಾಲಕ್ಕೆ ತಂತಿ ಕಟ್ಟಿ ಇದು ವಿಜ್ಞಾನವೆನ್ನಲಿಲ್ಲ.

ನಿಜವಾದ ಸಂಗಮ ಬೇಕೆನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರ ಕೆಲಸ ನೋಡಲಿ. ಮಿಡತೆಯ ಬಳಗದ ಒಂದು ಸಣ್ಣ ಹುಳ ಇರುಳಲ್ಲಿ ರೆಕ್ಕೆ ಉಜ್ಜಿ ಹೆಣ್ಣನ್ನು ಕರೆಯುತ್ತದೆ. ರೆಕ್ಕೆ ಪುಟ್ಟದು, ಅದರ ಮುಂದಿನ ಮತ್ತು ಹಿಂದಿನ ಅಲೆಗಳು ಅಂಚಿನಲ್ಲಿ ಬೆರೆತು ಒಂದನ್ನೊಂದು ಅಳಿಸಿಬಿಡುತ್ತವೆ. ಆಗ ಈ ಹುಳ ಮಾಡುವುದೇನು? ದೊಡ್ಡ ಎಲೆಯೊಂದರ ನಡುವೆ ರೆಕ್ಕೆಯಳತೆಯ ತೂತು ಕೊರೆದು, ಅದರಲ್ಲಿ ಕುಳಿತು ಹಾಡುತ್ತದೆ. ಎಲೆ ಅಡ್ಡಗೋಡೆಯಾಗಿ ದನಿ ಹೆಚ್ಚುತ್ತದೆ. ಹೀಗೆ ಮಾಡುವವು ಹೆಚ್ಚಾಗಿ ಸಣ್ಣ ಮೈಯ, ಸಣ್ಣ ದನಿಯ ಗಂಡುಗಳೇ ಎಂದು 2020ರಲ್ಲಿ ಕಂಡುಕೊಂಡರು. ದನಿಯನ್ನು ಅಳೆದರು, ಹೆಣ್ಣುಗಳಿಗೆ ಕೇಳಿಸಿ ನೋಡಿದರು, ಆಮೇಲೆ ಮಾತಾಡಿದರು. ಇದರಲ್ಲಿ ಕಲೆಯಿಲ್ಲವೆನ್ನುವವನ ರಸಿಕತೆ ದೊಡ್ಡದು!

ಇನ್ನು ನಮ್ಮ ಕನ್ನಡ ವಿಭಾಗಗಳು. ನಾವು ಕೋಗಿಲೆಯ ಪದ್ಯವನ್ನು ವರ್ಷ ವರ್ಷವೂ ಪಾಠ ಮಾಡುತ್ತೇವೆ. ಕುಹೂ ಎನ್ನುವುದು ಗಂಡು, ಹೆಣ್ಣಿನ ಕೂಗೇ ಬೇರೆಯೆಂದು ಹೇಳುವವರು ಎಷ್ಟು ಜನ? ಇಪ್ಪತ್ತು ವರ್ಷ ನಾನೂ ಹೇಳಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಕ್ಯಾಮೆರಾ, ಲೇಖನಿ, ತಾಳ್ಮೆ ಮೂರನ್ನೂ ಹಿಡಿದು ಹಕ್ಕಿಯ ಹಿಂದೆ ಹೋದ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಅವರ ಮೇಲೆ ವಿಚಾರಸಂಕಿರಣ ನಡೆಸುವ ನಾವು ಸಭಾಭವನ ಬಿಟ್ಟು ಹೊರಗೆ ಬರುವುದಿಲ್ಲ.

ನಮ್ಮೂರ ಎರಿಹೊಲದಲ್ಲಿ ಪುಸ್ತಕದವರು ಟಿಟ್ಟಿಭವೆನ್ನುವ ಹಕ್ಕಿ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ಹತ್ತಿರ ಸುಳಿದರೆ ಹೊಲವೆಲ್ಲ ಕೇಳುವಂತೆ ಕೂಗುತ್ತದೆ. ಕಾಕಾ ಕುಂಟೆ ನಿಲ್ಲಿಸಿ ಹೇಳುತ್ತಿದ್ದ: "ತಮ್ಮಾ, ಲಕ್ಷ್ಯ ಕೊಟ್ಟು ಕೇಳು. ಎತ್ತು ಬಂದರ ಒಂದು ನಮೂನಿ ಕೂಗತೈತಿ, ನಾಯಿ ಬಂದರ ಇನ್ನೊಂದು ನಮೂನಿ." ಕಾಕಾನ ಮಾತು ನಿಜವೋ ಭ್ರಮೆಯೋ, ಅದನ್ನು ತಿಳಿಯಲು ಈಗ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕಿಸೆಯ ಫೋನು ದನಿ ಹಿಡಿಯುತ್ತದೆ, ದನಿಯ ಚಿತ್ರವನ್ನೂ ಬರೆದು ತೋರಿಸುತ್ತದೆ. ಈ ಬೇಸಿಗೆಯಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಬದುವಿನ ಮೇಲೆ ಕುಳಿತೆ. ಎತ್ತಿಗೆ ಕೂಗಿದ್ದು ಹನ್ನೊಂದು ಸಲ ಸಿಕ್ಕಿದೆ, ನಾಯಿಗೆ ಮೂರೇ ಸಲ. ನಾಯಿಯದು ಇನ್ನೂ ಸಾಲದು.