ತುಂಬಿದ ಕೆರೆಗೆ ಕಡಲು ಅನ್ನಿ ನೋಡೋಣ

‘ಸಮುದ್ರ’ ಸಂಸ್ಕೃತದ್ದು, ‘ಕಡಲು’ ಅಚ್ಚಗನ್ನಡದ್ದು. ಕನ್ನಡ ಬರೆಯುವವರು ಕಡಲು ಎಂದೇ ಬರೆಯಬೇಕು ಎಂಬ ಬುದ್ಧಿವಾದ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುತ್ತದೆ. ಇನ್ನೊಂದು ಕಡೆ ಶಾಲೆಯ ವ್ಯಾಕರಣದ ಪುಸ್ತಕ ಸಮುದ್ರ, ಸಾಗರ, ಕಡಲು, ಶರಧಿ, ಅಂಬುಧಿ, ಜಲಧಿ ಎಂದು ಸಾಲಾಗಿ ನಿಲ್ಲಿಸಿ ‘ಸಮಾನಾರ್ಥಕ ಪದಗಳು’ ಎಂದು ಮೊಹರು ಒತ್ತುತ್ತದೆ. ಒಬ್ಬರಿಗೆ ಸಮುದ್ರ ಹೊರಗಿನದು, ಇನ್ನೊಬ್ಬರಿಗೆ ಎಲ್ಲವೂ ಒಂದೇ. ಇಬ್ಬರೂ ಒಮ್ಮೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬಂದು ಜನ ಮಾತಾಡುವುದನ್ನು ಕೇಳಬೇಕು.

ನಮ್ಮದು ಕಡಲಿನಿಂದ ನೇರ ಗೆರೆ ಎಳೆದರೂ 150 ಕಿಲೋಮೀಟರಿಗೂ ಆಚೆಯ ಸೀಮೆ. (ತೆಂಗು ಮಾತ್ರ ಕಡಲಂಚಿನ ಮರ. ಅದರ ಕಾಯಿ ಉಪ್ಪುನೀರಲ್ಲಿ ತೇಲಿ ಹೋಗಿ ಇನ್ನೊಂದು ದಡದಲ್ಲಿ ಮೊಳೆಯಬಲ್ಲದು. ಇಲ್ಲಿ ಅದು ಬೋರ್‌ವೆಲ್ ನೀರು ಕುಡಿದು ಕೊಬ್ಬರಿಯಾಗುತ್ತದೆ.) ಮಳೆ ಚೆನ್ನಾಗಿ ಹಿಡಿದು ಕೆರೆ ಕೋಡಿ ಬಿದ್ದ ವರ್ಷ ಏರಿಯ ಮೇಲೆ ನಿಂತವರು ‘ಒಳ್ಳೆ ಸಮುದ್ರ ಆದಂಗೈತೆ ಕಣಣ್ಣ’ ಅನ್ನುತ್ತಾರೆ. ‘ಕಡಲು ಆದಂಗೈತೆ’ ಎಂದವರನ್ನು ನಾನು ಕೇಳಿಲ್ಲ. ಓದು ಬರಹ ತಿಳಿಯದ ಅಜ್ಜಿಯೂ ಸಮುದ್ರ ಎಂದೇ ಅನ್ನುವುದು. ಅವಳ ನಾಲಿಗೆಯ ಮೇಲಿನ ಮಾತನ್ನು ಪರಭಾಷೆಯದು ಎಂದು ತಳ್ಳುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

ಇದೇನು ನಿನ್ನೆ ಮೊನ್ನೆಯ ರೂಢಿಯಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರ, ಈಗಿನ ಹಳೇಬೀಡು. ಅಲ್ಲಿಯ ‘ಸಮುದ್ರ’ ಒಂದು ಕೆರೆ. ಚನ್ನಗಿರಿ ಕಡೆಯ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರಿದೆ. ಉತ್ಪ್ರೇಕ್ಷೆ ಅನ್ನುತ್ತೀರಾ? ಪುರಾಣ ನೋಡಿ. ಸಗರನ 60 ಸಾವಿರ ಮಕ್ಕಳು ಯಜ್ಞದ ಕುದುರೆ ಹುಡುಕುತ್ತ ನೆಲ ಅಗೆದರು, ಅಗೆದ ಹಳ್ಳಕ್ಕೆ ನೀರು ತುಂಬಿ ಸಾಗರವಾಯಿತು. ಸಾಗರವೆಂದರೆ ಕೈಯಿಂದ ಅಗೆದದ್ದು! ಗುದ್ದಲಿ ಹಿಡಿದು ಕೆರೆ ತೋಡಿ, ಮಣ್ಣು ಹೊತ್ತು ಏರಿ ಹಾಕಿದವರಿಗೆ ಇದಕ್ಕಿಂತ ಹೊಂದುವ ಹೆಸರು ಯಾವುದಿದೆ? ಸಮುದ್ರವೆಂದರೆ ನೀರು ಒಟ್ಟುಗೂಡಿದ್ದು. ಜಲಧಿ, ಅಂಬುಧಿ ಎಂದರೆ ನೀರನ್ನು ಹಿಡಿದಿಟ್ಟುಕೊಂಡದ್ದು. ಉಪ್ಪಿನ ಸುದ್ದಿಯಾಗಲಿ ಅಲೆಯ ಸುದ್ದಿಯಾಗಲಿ ಈ ಮಾತುಗಳಲ್ಲಿಲ್ಲ. ಕಡಲಿನ ಬಳಗವೇ ಬೇರೆ. ತಮಿಳು, ಮಲಯಾಳ, ತುಳು ಎಲ್ಲಕ್ಕೂ ಸೇರಿದ ಆ ಹಳೆಯ ಮಾತಿಗೆ ದೋಣಿ, ಬಲೆ, ಅಳಿವೆಗಳು ನೆಂಟರು. ಕೆರೆಯ ಏರಿಯ ಮೇಲೆ ಅದಕ್ಕೆ ಕೆಲಸವಿಲ್ಲ. ಹೀಗಿರುವಾಗ ಸಮಾನಾರ್ಥ ಎಲ್ಲಿಂದ ಬಂತು?

ದೂರದ ಸ್ಕ್ಯಾಂಡಿನೇವಿಯಾದ ಕಡೆ ನೋಡಿ. ಸ್ವೀಡಿಷ್ ಜನ ವೆನರ್ನ್ ಎಂಬ ಸಿಹಿನೀರಿನ ಸರೋವರವನ್ನು ‘ಷೋ’ ಅನ್ನುತ್ತಾರೆ. ಬಾಲ್ಟಿಕ್ ಸಮುದ್ರದ ಹೆಸರಿನಲ್ಲೂ, ಅಂದರೆ ಅವರ ‘ಪೂರ್ವದ ಷೋ’ದಲ್ಲೂ, ಇರುವುದು ಅದೇ ಮಾತು. ಪಕ್ಕದ ನಾರ್ವೆಯಲ್ಲಿ ಬರಿಯ ‘ಷೋ’ ಎಂದರೆ ಉಪ್ಪುನೀರು. ಸರೋವರ ಬೇಕಾದರೆ ‘ಒಳಗಿನ ಷೋ’ ಅನ್ನಬೇಕು. ಐಸ್‌ಲ್ಯಾಂಡಿನವರು ಆ ಮಾತನ್ನು ಸಮುದ್ರಕ್ಕೇ ಇಟ್ಟುಕೊಂಡು, ಸರೋವರವನ್ನು ನೀರು ಎಂಬ ಅರ್ಥದ ಮಾತಿನಿಂದಲೇ ಕರೆಯುತ್ತಾರೆ. ಎಲ್ಲರಿಗೂ ‘ಹಾವ್’ ಎಂಬ ಇನ್ನೊಂದು ಕಡಲಿನ ಮಾತೂ ಇದೆ. (ನಮ್ಮ ಹಾವಿಗೂ ಅದಕ್ಕೂ ನಂಟಿಲ್ಲ.) ಒಂದೇ ಮೂಲದ ಮಾತು ಆಯಾ ನೀರಿನ ದಡದಲ್ಲಿ ಬೇರೆ ಬೇರೆ ಅರ್ಥ ಹಿಡಿದಿದೆ. ನಮ್ಮ ಒಳನಾಡು ಸಮುದ್ರಕ್ಕೆ ಮಾಡಿದ್ದೂ ಇದನ್ನೇ.

ಸಮುದ್ರ, ಸಾಗರ ಎಂದು ಕೆರೆಗೆ ಹೆಸರಿಟ್ಟವರು ರಾಜರು, ಅದು ಜಂಬದ ಮಾತು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ತುರುವೇಕೆರೆ, ನೊಣವಿನಕೆರೆ ಎಂಬ ಹೆಸರುಗಳಲ್ಲಿ ಕೆರೆ ಕೆರೆಯಾಗಿಯೇ ಉಳಿದಿದೆ. ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ಅಣೆಕಟ್ಟಿಗೆ ಅರಮನೆ ವಾಣಿವಿಲಾಸ ಸಾಗರ ಎಂದು ಹೆಸರಿಟ್ಟಿತು. ಜನಕ್ಕೆ ಅದು ಮಾರಿಕಣಿವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನದೂ ಬೋರನಕಣಿವೆಯೇ. ಅಂದರೆ ಅರಮನೆ ಕೊಟ್ಟ ಹೆಸರನ್ನು ಜನ ಕಣ್ಮುಚ್ಚಿ ಒಪ್ಪಿದವರಲ್ಲ. ಬೇಡವಾದದ್ದನ್ನು ಬಿಟ್ಟರು. ಹಾಗೆ ಆರಿಸಿಕೊಳ್ಳುವ ಜನವೇ ತುಂಬಿದ ಕೆರೆಯನ್ನು ಕಂಡಾಗ ಸಮುದ್ರ ಅನ್ನುತ್ತಾರೆ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕಡಲೋ ಸಮುದ್ರವೋ ಎಂದು ನಾವು ಜಗಳ ಆಡುವಾಗ ಕೆರೆಯ ಮಾತುಗಳೇ ಬತ್ತುತ್ತಿವೆ. ತೋಟಗಳು ಬೋರ್‌ವೆಲ್ ನಂಬಿದ ಮೇಲೆ ತೂಬು ಎತ್ತುವ ದಿನ ಯಾರಿಗೂ ನೆನಪಿಲ್ಲ. ನೀರು ಹಂಚುತ್ತಿದ್ದ ನೀರುಗಂಟಿ ಕಾಣುವುದಿಲ್ಲ. ಬೆಂಗಳೂರಿನಲ್ಲಂತೂ ಕೆರೆ ‘ಲೇಕ್’ ಆಗಿ, ಕಟ್ಟಿದವರ ಕೈ ಆ ಮಾತಿನಿಂದಲೇ ಅಳಿಸಿಹೋಗಿದೆ. ಶರಧಿ, ವಾರಿಧಿ, ಪಯೋನಿಧಿ ಎಂದು ಗಿಳಿಪಾಠ ಒಪ್ಪಿಸುವ ಹುಡುಗನಿಗೆ ಪೂರ್ತಿ ಅಂಕ. ಕೋಡಿ ಎಂದರೇನೆಂದು ಅವನನ್ನು ಯಾರೂ ಕೇಳುವುದಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಸಮುದ್ರದ ಸಮಾನಾರ್ಥಕಗಳನ್ನು ಬಿಟ್ಟು, ಕೆರೆಗೆ ಸೇರಿದ ಹತ್ತು ಮಾತು ಬರೆಯಿರಿ ಎಂದು ಕೇಳಲಿ. ಏರಿ, ತೂಬು, ಕೋಡಿ, ಅಂಗಳ, ಹೂಳು, ಅಚ್ಚುಕಟ್ಟು... ನೊಣವಿನಕೆರೆಯ ಹುಡುಗಿ ತಾತನನ್ನು ಕೇಳಿಕೊಂಡು ಬಂದು ಹನ್ನೆರಡು ಬರೆದಾಳು. ಉತ್ತರ ತಿದ್ದುವ ಮೇಷ್ಟ್ರು ಮೊದಲು ಏರಿಯ ಮೇಲೆ ಒಂದು ಸುತ್ತು ನಡೆದು ಬರಬೇಕಾದೀತು.