ಇಂಗ್ಲಿಷ್ ಪಾಠ, ಚೀನಾದ ರೈಲು ಮತ್ತು ನಮ್ಮ ಮಕ್ಕಳು

ಶಾಲೆಗೆ ಸೇರಿಸುವ ಕಾಲ ಸಮೀಪಿಸಿತೆಂದರೆ ನನ್ನ ದೂರವಾಣಿಗೆ ಬಿಡುವಿರುವುದಿಲ್ಲ. "ಸಾರ್, ಮಗನನ್ನು ಯಾವ ಶಾಲೆಗೆ ಹಾಕಲಿ? ಇಂಗ್ಲಿಷ್ ಮೀಡಿಯಂಗೆ ಹಾಕದಿದ್ದರೆ ಹಿಂದೆ ಬೀಳುತ್ತಾನಲ್ಲವೆ?" ಎಂದು ಕೇಳುವವರಲ್ಲಿ ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳೇ, ಕೆಲವರು ನನ್ನ ತಂಗಿಯ ಮಕ್ಕಳು, ಅಣ್ಣನ ಮೊಮ್ಮಕ್ಕಳು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಇಂಗ್ಲಿಷಿನ ಪರವಾಗಿಯೇ ಮಾತಾಡುತ್ತಾರೆಂದು ಅವರೆಲ್ಲರ ನಿರೀಕ್ಷೆ. ನಾನು ಇಂಗ್ಲಿಷಿನ ಪರವೇ ಹೌದು. ಆದರೆ ಇಂಗ್ಲಿಷನ್ನು ಒಂದು ಪಾಠವಾಗಿ ಕಲಿಸುವುದು ಬೇರೆ, ಎಲ್ಲ ಪಾಠಗಳನ್ನೂ ಇಂಗ್ಲಿಷಿನಲ್ಲಿ ಕಲಿಸುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದಿರುವುದೇ ನಮ್ಮ ತೊಂದರೆಯ ಮೂಲವೆಂಬುದು ನನ್ನ ಅಭಿಪ್ರಾಯ. ಆ ಅಭಿಪ್ರಾಯ ಗಟ್ಟಿಯಾದದ್ದು ಚೀನಾದಲ್ಲಿ.

2013ರಲ್ಲಿ ಮಗಳು ಮತ್ತು ಅಳಿಯ ಶಾಂಘೈ ಸಮೀಪದ ಸುಝೌ ನಗರದಲ್ಲಿದ್ದರು. ನಾನೂ ನನ್ನ ಹೆಂಡತಿಯೂ ಅಲ್ಲಿ ಕೆಲವು ತಿಂಗಳು ಇದ್ದೆವು. ಕಾಲುವೆಗಳೂ ಕಲ್ಲುಸೇತುವೆಗಳೂ ಇರುವ ಹಳೆಯ ಊರು ಅದು. ಸುಮ್ಮನೆ ಕೂತು ಅಭ್ಯಾಸವಿಲ್ಲದ ನನ್ನನ್ನು ನೋಡಲಾರದೆ ಮಗಳು ಒಂದು ಖಾಸಗಿ ತರಬೇತಿ ಕೇಂದ್ರದವರನ್ನು ವಿಚಾರಿಸಿದಳು: "ನಮ್ಮಪ್ಪ ವಾರಕ್ಕೊಂದು ದಿನ ಬಂದು ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಥೆ ಹೇಳಬಹುದೆ? ಹಣವೇನೂ ಬೇಡ." ಅಲ್ಲಿದ್ದ ತರುಣ ಸೌಜನ್ಯದಿಂದಲೇ ಉತ್ತರಿಸಿದ: ಪೋಷಕರು ಹಣ ಕೊಡುವುದು ಬಿಳಿಯ ಮುಖಕ್ಕೆ, ಕಥೆಗಲ್ಲ. ನನಗೆ ನಗು ಬಂತು, ನೋವೂ ಆಯಿತು. ಕೊನೆಗೆ ನಾವಿದ್ದ ವಸತಿ ಸಮುಚ್ಚಯದ ಏಳೆಂಟು ಮಕ್ಕಳು ಸಂಜೆ ಅಂಗಳದಲ್ಲಿ ನನ್ನ ಸುತ್ತ ಕೂರತೊಡಗಿದರು. ಆರರಿಂದ ಒಂಬತ್ತು ವರ್ಷದವರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು.

ಮಗುವಿನ ನಾಲಿಗೆ ತನ್ನ ಮನೆಯ ನುಡಿಯನ್ನು ಹೊತ್ತುಕೊಂಡೇ ಹೊಸ ನುಡಿಯ ಬಾಗಿಲಿಗೆ ಬರುತ್ತದೆಂಬುದನ್ನು ಅಲ್ಲಿ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಚೀನೀ ಭಾಷೆಯಲ್ಲಿ ಪದಗಳ ಕೊನೆಗೆ ಗ್, ಟ್, ಕ್ ಮುಂತಾದ ವ್ಯಂಜನಗಳು ಬರುವುದಿಲ್ಲ. ಆದ್ದರಿಂದ ಅವರ ಬಾಯಲ್ಲಿ 'ಡಾಗ್' ಎಂಬುದು 'ಡಾಗ' ಎಂಬಂತೆ ಕೇಳುತ್ತದೆ. ನನಗದು ಹೊಸತೇ? ಬಸ್ಸು, ಬುಕ್ಕು, ಕಾರು ಎಂದು ಪ್ರತಿ ಪದಕ್ಕೂ ಒಂದು 'ಉ'ಕಾರ ಕಟ್ಟಿಕೊಟ್ಟ ಕನ್ನಡ ಮಕ್ಕಳ ನಡುವೆಯೇ ನಾನು ಮುದುಕನಾದವನು! ಅವರ ಮಾತಿನಲ್ಲಿ 'ಅವನು', 'ಅವಳು' ಎರಡಕ್ಕೂ 'ತಾ' ಎಂಬ ಒಂದೇ ಉಚ್ಚಾರಣೆ. ಹಾಗಾಗಿ ತಾಯಿಯನ್ನು 'ಹೀ' ಎಂದೂ ತಂದೆಯನ್ನು 'ಷೀ' ಎಂದೂ ಕರೆಯುತ್ತಿದ್ದರು. ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲವಾದ್ದರಿಂದ ನಿನ್ನೆಯೂ 'ಗೋ', ನಾಳೆಯೂ 'ಗೋ'.

ಇನ್ನೊಂದು ವಿಷಯ ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ. ಚೀನೀ ಲಿಪಿಯ ಉಚ್ಚಾರಣೆಯನ್ನು ಕಲಿಸಲು ಅವರು 'ಪಿನ್‌ಯಿನ್' ಎಂಬ ಪದ್ಧತಿಯನ್ನು 1958ರಿಂದ ಬಳಸುತ್ತಿದ್ದಾರೆ. ಅದರಲ್ಲಿರುವುದು ರೋಮನ್ ಅಕ್ಷರಗಳೇ, ಆದರೆ ಬೆಲೆ ಬೇರೆ. ಅಲ್ಲಿ 'ಸಿ' ಅಕ್ಷರಕ್ಕೆ 'ತ್ಸ' ಎಂಬ ಧ್ವನಿ, 'ಕ್ಯೂ' ಅಕ್ಷರಕ್ಕೆ 'ಛ'ಕಾರಕ್ಕೆ ಹತ್ತಿರದ ಧ್ವನಿ, 'ಎಕ್ಸ್' ಅಕ್ಷರಕ್ಕೆ 'ಶ'ಕಾರಕ್ಕೆ ಹತ್ತಿರದ ಧ್ವನಿ. ಮಗು 'ಕ್ಯಾಟ್' ಎಂಬ ಪದವನ್ನು 'ತ್ಸಾಟ್' ಎಂದು ಓದಿದರೆ ಅದು ದಡ್ಡತನವಲ್ಲ, ತನ್ನ ಪಾಠವನ್ನು ಚೆನ್ನಾಗಿ ಕಲಿತಿದೆ ಎಂದರ್ಥ. ಇದನ್ನು ಅರಿಯುವುದಕ್ಕೆ ಬಿಳಿಯ ಮುಖ ಬೇಕಿಲ್ಲ. ಮಗುವಿನ ಮನೆಮಾತಿನ ಬಗ್ಗೆ ಕುತೂಹಲವಿರುವ ಮೇಷ್ಟ್ರು ಬೇಕು.

ಚೀನಾ ಇಂಗ್ಲಿಷನ್ನು ಕಡೆಗಣಿಸಿದ ದೇಶವೆಂದು ಭಾವಿಸಬೇಡಿ. 2001ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಆರಂಭಿಸಲು ತೀರ್ಮಾನಿಸಿತು. ಶಾಂಘೈನಂತಹ ನಗರಗಳು ಒಂದನೆಯ ತರಗತಿಯಿಂದಲೇ ತೊಡಗಿದವು. ಕಾಲೇಜು ಪ್ರವೇಶದ 'ಗಾವ್‌ಕಾವ್' ಪರೀಕ್ಷೆಯಲ್ಲಿ ಚೀನೀ ಭಾಷೆ, ಗಣಿತ, ವಿದೇಶೀ ಭಾಷೆ ಮೂರಕ್ಕೂ ತಲಾ 150 ಅಂಕ. ಬಹುತೇಕ ಮಕ್ಕಳ ಪಾಲಿಗೆ ಆ ವಿದೇಶೀ ಭಾಷೆಯೆಂದರೆ ಇಂಗ್ಲಿಷೇ. ಆದರೆ ಭಿನ್ನರಾಶಿಯನ್ನೋ, ಎಲೆ ಆಹಾರ ತಯಾರಿಸುವ ಬಗೆಯನ್ನೋ ಅಲ್ಲಿನ ಸಾಮಾನ್ಯ ಶಾಲೆಯ ಮಗು ಕಲಿಯುವುದು ಚೀನೀ ಭಾಷೆಯಲ್ಲಿ.

ಆ ಬೇಸಿಗೆಯಲ್ಲಿ ನಾವು ಬೀಜಿಂಗ್ ನೋಡಲು ಹೊರಟೆವು. ಬೀಜಿಂಗ್-ಶಾಂಘೈ ವೇಗದ ರೈಲು ಮಾರ್ಗ 1,318 ಕಿ.ಮೀ. ಉದ್ದದ್ದು, 2011ರಲ್ಲಿ ತೆರೆದದ್ದು. ಗಂಟೆಗೆ 300 ಕಿ.ಮೀ. ವೇಗವೆಂದು ಬೋಗಿಯ ಫಲಕ ತೋರಿಸುತ್ತಿದ್ದರೂ ಹೆಂಡತಿಯ ಕೈಯ ಲೋಟದ ನೀರು ತುಳುಕಲಿಲ್ಲ. ಬೋಗಿಯಲ್ಲಿ ಕುದಿನೀರಿನ ನಲ್ಲಿ. ಜನ ಅಲ್ಲಿಗೆ ಹೋಗಿ ಚಹಾದ ಎಲೆಗೂ ನೂಡಲ್ಸ್ ಬಟ್ಟಲಿಗೂ ನೀರು ಹಿಡಿದು ತರುತ್ತಾರೆ. ಪಕ್ಕದ ಆಸನದ ತಾಯಿ ತನ್ನ ಏಳೆಂಟು ವರ್ಷದ ಮಗನನ್ನು ನನ್ನತ್ತ ನೂಕಿ, "ಮಾತಾಡು, ಮಾತಾಡು" ಎನ್ನುವಂತೆ ಸನ್ನೆ ಮಾಡಿದಳು. ಹುಡುಗ ಎದ್ದು ನಿಂತು "ಫೈನ್, ಥ್ಯಾಂಕ್ ಯೂ, ಆಂಡ್ ಯೂ?" ಎಂದು ಒಂದೇ ಉಸಿರಿಗೆ ಒಪ್ಪಿಸಿದ. ನಾನಿನ್ನೂ ಏನನ್ನೂ ಕೇಳಿರಲಿಲ್ಲ! ಆಮೇಲೆ ಮೌನ. ಸ್ವಲ್ಪ ಹೊತ್ತಿಗೆ ನಾನ್‌ಜಿಂಗ್ ದಾಟಿ ರೈಲು ಯಾಂಗ್ಟ್ಸೆ ನದಿಯ ಸೇತುವೆಯ ಮೇಲೆ ಬಂತು. ನಾನು ಕಿಟಕಿಗೆ ಬೆರಳಿಟ್ಟು "ರಿವರ್" ಎಂದೆ. ಅವನು "ಬಿಗ್ ರಿವರ್" ಎಂದ. "ಬೋಟ್" ಎಂದೆ. ಅವನು ಎಣಿಸಿ "ಫೈವ್ ಬೋಟ್" ಎಂದ. ಬೀಜಿಂಗ್ ತಲಪುವವರೆಗೂ ಹೊಲ, ಗೋಪುರ, ಮೋಡ, ಎಮ್ಮೆ ಎಂದು ನಮ್ಮ ಪಾಠ ನಡೆಯಿತು. ಕಂಠಪಾಠದ ವಾಕ್ಯ ಮುಗಿದಲ್ಲಿ ನಿಂತಿದ್ದ ಭಾಷೆ, ಕಣ್ಣೆದುರಿನ ವಸ್ತು ಸಿಕ್ಕೊಡನೆ ನಡೆಯತೊಡಗಿತು. ಅವನಿಗೆ ನದಿಯೆಂದರೇನು ಎಂಬುದು ತನ್ನ ಭಾಷೆಯಲ್ಲಿ ಮೊದಲೇ ಗೊತ್ತಿತ್ತು. ನಾನು ಕೊಟ್ಟದ್ದು ಹೊಸ ಹೆಸರು ಮಾತ್ರ.

ಬೀಜಿಂಗಿನಿಂದ ಮಹಾಗೋಡೆಯ ಬಾದಾಲಿಂಗ್‌ಗೆ ಹೋಗಲು ಮತ್ತೊಂದು ರೈಲು ಹತ್ತಿದೆವು. ಅದು ಹಳೆಯ ಬೀಜಿಂಗ್-ಝಾಂಗ್‌ಜಿಯಾಕೌ ಮಾರ್ಗ. ಬೆಟ್ಟದ ನಡುವೆ ಛಿಂಗ್‌ಲಾಂಗ್‌ಛಿಯಾವ್ ಎಂಬ ನಿಲ್ದಾಣದಲ್ಲಿ ರೈಲು ನಿಂತು, ಬಂದ ದಿಕ್ಕಿಗೇ ಹಿಮ್ಮೊಗವಾಗಿ ಬೇರೊಂದು ಹಳಿಯ ಮೇಲೆ ಏರತೊಡಗುತ್ತದೆ. ಕಡಿದಾದ ಏರನ್ನು ಹತ್ತಲು ಹಳಿಯನ್ನು ಅಲ್ಲಿ 'ಮನುಷ್ಯ' ಎಂಬರ್ಥದ ಚೀನೀ ಅಕ್ಷರದ ಆಕಾರದಲ್ಲಿ, ಅಂದರೆ ಎರಡು ಕಾಲು ಅಗಲಿಸಿ ನಿಂತವನಂತೆ, ಹಾಸಿದ್ದಾರೆ. ವಿದೇಶೀ ಇಂಜಿನಿಯರುಗಳ ನೆರವಿಲ್ಲದೆ ಚೀನೀಯರೇ ಕಟ್ಟಿ 1909ರಲ್ಲಿ ಮುಗಿಸಿದ ಈ ಮಾರ್ಗದ ಮುಖ್ಯ ಇಂಜಿನಿಯರ್ ಝಾನ್ ತಿಯಾನ್‌ಯೂ. ಅವರ ಪ್ರತಿಮೆ ಆ ನಿಲ್ದಾಣದಲ್ಲಿದೆ.

ಈ ಝಾನ್ ಅವರ ಕಥೆ ನಮ್ಮ ಚರ್ಚೆಗೆ ಬಹಳ ಬೇಕಾದದ್ದು. 1872ರಿಂದ 1875ರ ನಡುವೆ ಚೀನಾ ಸರ್ಕಾರ 120 ಹುಡುಗರನ್ನು ಓದಲು ಅಮೆರಿಕಕ್ಕೆ ಕಳಿಸಿತು. ಮೊದಲ ತಂಡದಲ್ಲಿ ಹನ್ನೊಂದು ವರ್ಷದ ಝಾನ್ ಇದ್ದರು. ಅಲ್ಲಿಯೂ ಆ ಹುಡುಗರಿಗೆ ಚೀನೀ ಭಾಷೆಯ ಪಾಠ ತಪ್ಪುತ್ತಿರಲಿಲ್ಲ. ಆದರೂ ಹುಡುಗರು ತಮ್ಮತನ ಬಿಡುತ್ತಿದ್ದಾರೆಂಬ ಭಯದಿಂದ 1881ರಲ್ಲಿ ಸರ್ಕಾರ ಎಲ್ಲರನ್ನೂ ಹಿಂದಕ್ಕೆ ಕರೆಸಿತು. ಯೇಲ್ ವಿಶ್ವವಿದ್ಯಾಲಯದ ಪದವಿಯನ್ನು ಅದೇ ವರ್ಷ ಮುಗಿಸಿದ್ದ ಝಾನ್ ಅದೃಷ್ಟವಂತರು. "ನೋಡಿ ಸಾರ್, ಅವರೂ ಇಂಗ್ಲಿಷಿನಲ್ಲೇ ಓದಿದವರು" ಎಂದು ನೀವು ಹೇಳಬಹುದು. ನಿಜ. ಆದರೆ ಆ ಬಾಲಕ ತನ್ನ ನುಡಿಯಲ್ಲಿ ಓದುಬರಹ ಕಲಿತ ಮೇಲೆ ಹಡಗು ಹತ್ತಿದವನು. ತಳಹದಿ ಮೊದಲು, ಸೇತುವೆ ಆಮೇಲೆ. ಹುಡುಗರನ್ನು ನಡುದಾರಿಯಲ್ಲಿ ಹಿಂದಕ್ಕೆಳೆದ ಸರ್ಕಾರದ ಭಯವೂ ನನಗೆ ಒಪ್ಪಿಗೆಯಿಲ್ಲ. ಪರಭಾಷೆಯಿಂದ ಬಂದ ವಿದ್ಯೆಯೇ ಕೊನೆಗೆ ಆ ಬೆಟ್ಟವನ್ನು ಹತ್ತಿಸಿತು.

ಚೀನಾದಲ್ಲಿ ಎಲ್ಲವೂ ಸರಿಯಿದೆಯೆಂದು ನಾನು ಹೇಳುತ್ತಿಲ್ಲ. ಶಾಲೆ ಮುಗಿಸಿ ಟ್ಯೂಷನ್ನಿಗೆ ಓಡುವ ಮಕ್ಕಳ ಬಾಡಿದ ಮುಖಗಳನ್ನು ಸುಝೌನಲ್ಲಿ ದಿನವೂ ನೋಡುತ್ತಿದ್ದೆ. ಆ ಹೊರೆ ಇಳಿಸಲೆಂದು 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭಕೋರ ಟ್ಯೂಷನ್ನಿಗೆ ಕಡಿವಾಣ ಹಾಕಿತು. ಶಾಲೆಗೆ ಸೇರದ ಕಂದಮ್ಮಗಳಿಗೆ ವಿದೇಶೀ ಭಾಷೆಯ ತರಬೇತಿಯನ್ನೂ ನಿಷೇಧಿಸಿತು. ಇನ್ನೊಂದು ನಷ್ಟವೂ ಅಲ್ಲಿದೆ. ನಮ್ಮ ಪಕ್ಕದ ಮನೆಯ ಅಜ್ಜಿ ಮೊಮ್ಮಗನನ್ನು ಸುಝೌನ ಆಡುನುಡಿಯಲ್ಲಿ ಕರೆದರೆ ಅವನು ಶಾಲೆಯ ಚೀನೀ ಭಾಷೆಯಲ್ಲಿ ಓಗೊಡುತ್ತಿದ್ದ. ಅಜ್ಜಿಯ ಮುಖ ಸಣ್ಣಗಾಗುತ್ತಿತ್ತು. ದೊಡ್ಡ ಭಾಷೆ ಸಣ್ಣ ಭಾಷೆಯನ್ನು ನುಂಗುವುದು ಇಂಗ್ಲಿಷಿನಿಂದ ಮಾತ್ರವೆಂದು ತಿಳಿಯಬಾರದು.

ಈಗ ನಮ್ಮ ನಾಡಿಗೆ ಬರೋಣ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತ್ತು. ಮಾಧ್ಯಮದ ಆಯ್ಕೆ ಪೋಷಕರದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತು. ಇದರ ನಡುವೆ, 2007-08ರಲ್ಲಿ, ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ಪಾಠವಾಗಿ ಬಂತು. ನನ್ನ ಪಾಲಿಗೆ ಇದೇ ಸರಿಯಾದ ದಾರಿ. ಅದನ್ನು ನಡೆಸಬಲ್ಲ ಶಿಕ್ಷಕರನ್ನು ಸಾಕಷ್ಟು ತಯಾರು ಮಾಡದೆ ಹೋದದ್ದರಿಂದ, ಜನ ಆ ದಾರಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು ಮಾಧ್ಯಮದ ಬಾಗಿಲು ತಟ್ಟಿದರು. ಕನ್ನಡಕ್ಕೆ ಚೀನೀ ಭಾಷೆಯ ಬೆನ್ನಿಗಿರುವಂತಹ ಒಂದು ದೇಶವಿಲ್ಲ, ಉನ್ನತ ಶಿಕ್ಷಣವೂ ಉದ್ಯೋಗವೂ ಇಂಗ್ಲಿಷಿನಲ್ಲಿವೆ ಎಂಬ ನಿಮ್ಮ ಆತಂಕ ಸುಳ್ಳಲ್ಲ. ಹಾಗೆಂದೇ ಇಂಗ್ಲಿಷ್ ಪಾಠ ಚೆನ್ನಾಗಿರಲಿ ಎಂದು ಹಟ ಹಿಡಿಯಿರಿ ಎನ್ನುತ್ತೇನೆ.

ಈ ವರ್ಷ ಕರೆ ಮಾಡಲಿರುವವರಿಗೆ ನನ್ನ ಮಾತು ಇಷ್ಟು. ಶಾಲೆಯ ಫಲಕದಲ್ಲಿ ಯಾವ ಮಾಧ್ಯಮವೆಂದು ಬರೆದಿದೆ ಎಂಬುದಕ್ಕಿಂತ ಒಂದನೆಯ ತರಗತಿಯ ಶಿಕ್ಷಕರು ಮಗುವಿನೊಡನೆ ಹೇಗೆ ಮಾತಾಡುತ್ತಾರೆಂಬುದನ್ನು ಅರ್ಧ ಗಂಟೆ ಕೂತು ನೋಡಿ. ಮನೆಯಲ್ಲಿ ಕನ್ನಡವೋ, ತುಳುವೋ, ಉರ್ದುವೋ, ಕೊಂಕಣಿಯೋ, ಯಾವುದು ಮನೆಮಾತೋ ಅದರಲ್ಲಿ ಕಥೆ ಹೇಳಿ, ಲೆಕ್ಕ ಕೇಳಿ. ಮಗು "ಅರ್ಧದಲ್ಲಿ ಅರ್ಧ ಎಷ್ಟು" ಎಂಬುದನ್ನು ಒಂದು ಭಾಷೆಯಲ್ಲಾದರೂ ಬಿಡಿಸಿ ಹೇಳಬಲ್ಲದೆ? ಎರಡರಲ್ಲೂ ಹೇಳಲಾರದ, ಆದರೆ ಎರಡರಲ್ಲೂ ಪದ್ಯ ಒಪ್ಪಿಸಬಲ್ಲ ಮಕ್ಕಳು ನಮ್ಮ ಬಂಧುಗಳ ಮನೆಗಳಲ್ಲೇ ಬೆಳೆಯುತ್ತಿದ್ದಾರೆ. ನನ್ನ ಚಿಂತೆ ಅವರದು. ರಜೆ ಬಂದಾಗ ಅವರನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಒಂದು ಹಗಲು ರೈಲಿನಲ್ಲಿ ಕರೆದೊಯ್ಯಿರಿ. ಕಂಡದ್ದಕ್ಕೆಲ್ಲ ಮೊದಲು ಅವರ ಭಾಷೆಯ ಹೆಸರು, ಆಮೇಲೆ ಇಂಗ್ಲಿಷಿನ ಹೆಸರು. ಅಷ್ಟಕ್ಕೆ ಯಾರೂ ಶುಲ್ಕ ಕೇಳುವುದಿಲ್ಲ.