ಚಿಕ್ಕಪ್ಪನ ರೈಫಲ್, ನನ್ನ ಬಜೆಟ್

ಜೂನ್ ಕೊನೆಯ ವಾರ. ಹಿಂಜೆವಾಡಿಯಿಂದ ಔಂಧ್‌ಗೆ ವಾಪಸಾಗುವ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. ಮಡಿಕೇರಿ ಕಡೆಯ ನಮ್ಮ ಮನೆಯಿಂದ ಚಿಕ್ಕಪ್ಪನ ಫೋನ್ ಬಂತು. ಮಳೆ ಎಷ್ಟು, ಕರೆಂಟ್ ಹೋಗಿ ಎಷ್ಟು ದಿನವಾಯಿತು ಎಂಬ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ಮಗ, ಅಜ್ಜನ ರೈಫಲ್ ಇನ್ನು ಆಗುವುದಿಲ್ಲ. ಹೊಸದೊಂದು ತೆಗೆಯಬೇಕು. ನೀನು ನೋಡಿ ಹೇಳು." (ನಮ್ಮ ಮನೆಮಾತು ಅರೆಭಾಷೆ. ಇಲ್ಲಿ ಕನ್ನಡಕ್ಕೆ ಇಳಿಸಿ ಬರೆದಿದ್ದೇನೆ.)

"ನೀನು ನೋಡಿ ಹೇಳು" ಅಂದರೆ "ದುಡ್ಡು ನೀನು ಕೊಡು" ಎಂದು ನಮ್ಮ ಮನೆಯ ವ್ಯಾಕರಣ. ಅಪ್ಪ ಹೋದ ಮೇಲೆ ತೋಟ, ಗದ್ದೆ, ಅವ್ವ, ಮೂರು ನಾಯಿ ಎಲ್ಲವನ್ನೂ ನೋಡಿಕೊಂಡಿರುವವರು ಚಿಕ್ಕಪ್ಪ. ನಾನು ವರ್ಷಕ್ಕೆ ಎರಡು ಸಲ ಹೋಗಿ ಕಾಫಿಪುಡಿ, ಜೇನು ಕಟ್ಟಿಕೊಂಡು ಬರುವ ನೆಂಟ. ಅವರಿಗೆ ಇಲ್ಲ ಅನ್ನುವ ಬಾಯಿ ನನಗಿಲ್ಲ. ಆದರೆ ಮನೆ ಸಾಲದ ಕಂತು, ಮಗಳ ಶಾಲೆ ಫೀಸು ಕಳೆದು ನಾನು ಎತ್ತಿಡಬಹುದಾದದ್ದು ಒಂದೂಕಾಲು ಲಕ್ಷ. ಅದರಲ್ಲೇ ರೈಫಲ್, ತೋಟಾ, ಸಾಗಣೆ, ಬೀಗದ ಕಪಾಟು ಎಲ್ಲ ಆಗಬೇಕು.

ಆಫೀಸಿನಲ್ಲಿ ಊಟದ ಹೊತ್ತಿಗೆ ಬಾಯಿ ತಪ್ಪಿ ಹೇಳಿದೆ. ತಕ್ಷಣ ಒಬ್ಬ, "ನಿಮ್ಮ ಕೂರ್ಗಿನಲ್ಲಿ ಲೈಸೆನ್ಸೇ ಬೇಡವಂತೆ, ನನಗೂ ಒಂದು ತಂದುಕೊಡು" ಎಂದ. ಈ ಮಾತನ್ನು ಪುಣೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆದ್ದರಿಂದ ಮೊದಲು ಇದನ್ನೇ ಬಿಡಿಸಿ ಹೇಳಿಬಿಡುತ್ತೇನೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇದೆ. ನಾವು ಗೌಡರು. ಜಮ್ಮಾ ಜಮೀನು ಇರುವುದರಿಂದ ನಮಗೂ ಅದು ಬಂತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಅಂದರೆ ಲೆಕ್ಕವಿಲ್ಲ ಎಂದಲ್ಲ. ಹೆಸರಿಗೆ ವಿನಾಯಿತಿ ಪತ್ರ ಇರುತ್ತದೆ, ಅದರಲ್ಲಿ ಕೋವಿಯ ನಂಬರ್ ಇರುತ್ತದೆ. ಕೊಡಗಿನ ಹೊರಗೆ ವಾಸ ಅಥವಾ ಪ್ರಯಾಣ ಅಂದರೆ ಒಂದು ರೈಫಲ್ ಮತ್ತು 100 ತೋಟಾ, ನುಣುಪು ನಳಿಗೆಯ ಒಂದು ಕೋವಿ ಮತ್ತು 500 ತೋಟಾ, ಅಷ್ಟೇ ಮಿತಿ. ಇನ್ನೊಬ್ಬರಿಗೆ "ತಂದುಕೊಡುವ" ಪ್ರಶ್ನೆ ಎಲ್ಲಿಯೂ ಇಲ್ಲ.

ಉಳಿದ ನೀವು, ಅಂದರೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಲ್ಲಿ ತೋಟ ಬಿಟ್ಟು ಬಂದವರು, ಬೆಳೆ ರಕ್ಷಣೆಯ ಹೆಸರಿನಲ್ಲೋ ಆತ್ಮರಕ್ಷಣೆಯ ಹೆಸರಿನಲ್ಲೋ ಅರ್ಜಿ ಹಾಕಬೇಕು. ಪೊಲೀಸ್ ವಿಚಾರಣೆ ಆಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷಿತ ಬಳಕೆಯ ತರಬೇತಿಯೂ ಬೇಕು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು. ಪುಣೆಯ ವಿಳಾಸದಲ್ಲಿ ಕೇಳುವುದಾದರೆ ಇಲ್ಲಿನ ಪೊಲೀಸ್ ಕಮಿಷನರೇಟ್. ದುಡ್ಡು ಎಷ್ಟಿದೆ ಎಂಬುದು ಇದೆಲ್ಲ ಮುಗಿದ ಮೇಲಿನ ಮಾತು.

ಸರಿ, ರೈಫಲ್‌ಗೆ ಬರೋಣ. ನಾನು ಐಟಿಯವನು, ಎಕ್ಸೆಲ್ ಶೀಟ್ ತೆರೆದೆ. ಯೂಟ್ಯೂಬ್ ತುಂಬಾ ಅಮೆರಿಕದ ರೈಫಲ್‌ಗಳು. ರೆಮಿಂಗ್ಟನ್, ಸ್ಯಾವೇಜ್, ರುಗರ್. ನಮ್ಮ ಬಜೆಟ್‌ನ ಅರ್ಧಕ್ಕೇ ಅಲ್ಲಿ ಬೋಲ್ಟ್ ಆಕ್ಷನ್ ರೈಫಲ್ ಜೊತೆಗೆ ದುರ್ಬೀನೂ ಸಿಗುತ್ತದೆ. ಒಂದು ವಾರ ರಾತ್ರಿ ಹನ್ನೆರಡರವರೆಗೆ ಕೂತು ಹದಿನಾಲ್ಕು ಸಾಲು ತುಂಬಿಸಿದೆ. ಆಮೇಲೆ ಹದಿಮೂರನ್ನು ಅಳಿಸಿದೆ. ಸಾಮಾನ್ಯರು ವಿದೇಶಿ ಬಂದೂಕು ಆಮದು ಮಾಡಿಕೊಳ್ಳುವುದು ಭಾರತದಲ್ಲಿ 1980ರ ದಶಕದ ಮಧ್ಯದಿಂದಲೇ ನಿಂತಿದೆ. ಹೆಸರಾಂತ ಶೂಟರ್‌ಗಳಿಗೆ ಮಾತ್ರ ದಾರಿ ಉಂಟು.

ಹಾಗಾಗಿ ಹಳೇ ಆಮದು ಮಾಲಿಗೆ ಬಂಗಾರದ ಬೆಲೆ. ಬ್ರನೋ ಕಂಪನಿಯ .22 ಅಥವಾ ಯಾವುದಾದರೂ ಹಳೇ ಮೌಸರ್ ಮಾರಾಟಕ್ಕಿದೆ ಎಂದರೆ ಬೆಲೆ ಕೇಳಿಯೇ ಫೋನ್ ಇಡಬೇಕು. ಇಲ್ಲಿ ಕೊಳ್ಳುವವನು ಕೊಡುವುದು ರೈಫಲ್‌ಗಲ್ಲ, ಅಪರೂಪಕ್ಕೆ. ನನಗೆ ಒಬ್ಬರು ಹೇಳಿದ ಬೆಲೆಯಲ್ಲಿ ಒಂದು ಸಣ್ಣ ಕಾರು ಬರುತ್ತಿತ್ತು. ಅದೂ ನಳಿಗೆ ಒಳಗಿಂದ ಹೇಗಿದೆ ಎಂದು ನೋಡದೆ.

ಉಳಿದದ್ದು ಇಛಾಪುರ. ಪಶ್ಚಿಮ ಬಂಗಾಳದ ಆ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಅದರ ಕಥೆ ಚೆನ್ನಾಗಿದೆ. ಬ್ರಿಟಿಷ್ ಸೈನ್ಯದ ತೋಟಾ .303. ಅದು ನಾಗರಿಕರ ಕೈಗೆ ಸಿಕ್ಕರೆ ದಂಗೆಗೆ ದಾರಿ ಎಂದು ಸರ್ಕಾರಕ್ಕೆ ಹೆದರಿಕೆ. ಆದ್ದರಿಂದ ಅದೇ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್‌ಗೆ ಬೇರೆ ಅಳತೆಯ ನಳಿಗೆ ಹಾಕಿ ಶಿಕಾರಿಗಳಿಗೆ ಮಾರಿದರು. ತೋಟಾ 19ನೇ ಶತಮಾನದ ಕೊನೆಯ ಆಸ್ಟ್ರಿಯಾದ ಎಂಟು ಮಿಲಿಮೀಟರಿನ ಮಾನ್‌ಲಿಕರ್. ನಮ್ಮ ಅಜ್ಜನದು ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ .315. ಸ್ವಾತಂತ್ರ್ಯ ಬಂದ ಮೇಲೂ ಸೈನ್ಯದ ಅಳತೆ ನಾಗರಿಕರಿಗೆ ನಿಷಿದ್ಧವೇ ಆಗಿ ಉಳಿಯಿತು, .315 ಕೂಡ ಉಳಿಯಿತು. ಸಾಮ್ರಾಜ್ಯ ಹೋದರೂ ಅದರ ಭಯ ನಮ್ಮ ಅಟ್ಟದ ಮೇಲೆ ತೂಗುತ್ತಿದೆ.

.30-06 ಎಂಬ ಇನ್ನೊಂದು ಅಳತೆಯೂ ಇದೆ. ಗುಂಡು ವೇಗ, ನೇರ. ನನಗೆ ಆಸೆಯಾಯಿತು. ಆದರೆ ನಾನು ವಿಚಾರಿಸಿದ ಎರಡು ಅಂಗಡಿಗಳಲ್ಲೂ ತೋಟಾ ಇರಲಿಲ್ಲ. ತೋಟಾ ಸಿಗದ ರೈಫಲ್ ಅಂದರೆ ಪೆಟ್ರೋಲ್ ಬಂಕ್ ಇಲ್ಲದ ಊರಿನಲ್ಲಿ ಬುಲೆಟ್ ಬೈಕ್. ಕಡಿಮೆ ಬಜೆಟ್‌ನವರು ಮೊದಲು ಕೇಳಬೇಕಾದದ್ದು ತೋಟಾ ಎಲ್ಲಿ ಸಿಗುತ್ತದೆ, ಒಂದಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಕೊಡುತ್ತಾರೆ ಎಂದು. ರೈಫಲ್ ಬೆಲೆ ಒಂದು ಸಲದ್ದು. ಗುರಿ ಅಭ್ಯಾಸವೇ ಮುಖ್ಯವಾದರೆ .22 ತೆಗೆದುಕೊಳ್ಳಿ. ತೋಟಾ ಅಗ್ಗ, ಹೆಗಲಿಗೆ ಪೆಟ್ಟಿಲ್ಲ. ಊರಿನ ತೆಂಗಿನಕಾಯಿ ಸ್ಪರ್ಧೆಗಳಲ್ಲಿ ಅದಕ್ಕೊಂದು ಪ್ರತ್ಯೇಕ ವಿಭಾಗವೇ ಇರುತ್ತದೆ. ಪುಣೆಯಲ್ಲೇ ಕಲಿಯುವ ಆಸೆ ಇದ್ದರೆ ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ.

ಇಷ್ಟಾದ ಮೇಲೆ ಶೀಟ್‌ನಲ್ಲಿ ನಾನು ಹಾಕಿರದ ಒಂದು ಕಾಲಂ ನೆನಪಾಯಿತು. ಯಾತಕ್ಕೆ?

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಬೇಟೆ ಇಲ್ಲ. ಗದ್ದೆಗೆ ಬೀಳುವ ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗುಂಡು ಹೊಡೆದರೆ ಅಪರಾಧ. ಆನೆಯ ವಿಷಯದಲ್ಲಿ ಕೋವಿ ಎಂಬ ಮಾತನ್ನೇ ಎತ್ತಬಾರದು. ಬೇಟೆಯ ರೈಫಲ್ ಎಂಬುದು ಹೆಸರಿಗೆ ಮಾತ್ರ. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳಿ. ನಮ್ಮ ಗದ್ದೆಯ ಬದುವಿನಿಂದ ಲೈನ್ ಮನೆಗೆ ಎಷ್ಟು ದೂರ ಎಂದು ಗೂಗಲ್ ಮ್ಯಾಪ್‌ನಲ್ಲಿ ಅಳೆದೆ. 210 ಮೀಟರ್. ಅಲ್ಲಿ ಕೆಲಸದವರ ನಾಲ್ಕು ಸಂಸಾರ, ಆರು ಮಕ್ಕಳು. ಸಣ್ಣ .22ರ ಗುಂಡೇ ತಡೆ ಇಲ್ಲದಿದ್ದರೆ ಒಂದು ಕಿಲೋಮೀಟರಿಗಿಂತ ಆಚೆ ಹೋಗಿ ಬೀಳುತ್ತದೆ. .315 ಇನ್ನೂ ಎಷ್ಟೋ ದೂರ. ಜೋಡಿನಳಿಗೆಯ 12 ಬೋರ್ ಕೋವಿಯ ಚರೆ ಬೇಗ ಬಲ ಕಳೆದುಕೊಳ್ಳುತ್ತದೆ. ತೋಟ, ಲೈನ್ ಮನೆ, ರಸ್ತೆ ಒತ್ತಾಗಿರುವ ನಮ್ಮ ಕಡೆಗೆ ಅದೇ ಸರಿ. ಅದು ಮನೆಯಲ್ಲಿ ಆಗಲೇ ಇದೆ, ಚೆನ್ನಾಗಿಯೂ ಇದೆ. ಜೊತೆಗೆ ಚಿಕ್ಕಪ್ಪನಿಗೆ 68 ವರ್ಷ, ಒಂದು ಕಣ್ಣಿಗೆ ಪೊರೆ ಶಸ್ತ್ರಚಿಕಿತ್ಸೆ ಆಗಿದೆ.

ಫೋನ್ ಮಾಡಿ ಇದೆಲ್ಲ ಹೇಳಿದೆ. ದುಡ್ಡು ಉಳಿಸಲು ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡರೋ ಎಂದು ಭಯವಿತ್ತು. ಅದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂದಿಗೆ ಅಂತ ನಾನು ಯಾವಾಗ ಹೇಳಿದೆ?" ಎಂದರು. "ಕೈಲ್ ಮುಹೂರ್ತಕ್ಕೆ ಅಜ್ಜ ಇಟ್ಟ ಜಾಗದಲ್ಲಿ ಏನಿಡುವುದು? ಎರಡು ವರ್ಷದಿಂದ ಅದಕ್ಕೆ ತೋಟಾ ಹಾಕಲು ನನಗೇ ಧೈರ್ಯವಿಲ್ಲ. ನಿನ್ನ ಅಪ್ಪ ಹೋದ ದಿನ ಎರಡು ಗುಂಡು ಹಾರಿಸಿದ್ದು ಪಕ್ಕದ ಮನೆಯವರ ಕೋವಿಯಲ್ಲಿ. ನಿನಗೆ ಗೊತ್ತಾ?"

ಗೊತ್ತಿರಲಿಲ್ಲ. ನಾನು ಪುಣೆಯಿಂದ ಬಂದು ತಲುಪುವಷ್ಟರಲ್ಲಿ ಅದು ಆಗಿಹೋಗಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಇದು ಕೊಡಗಿನ ಪದ್ಧತಿ. (ನನ್ನ ಮಗಳು ಹುಟ್ಟಿದಾಗ ಯಾರೂ ಹಾರಿಸಲಿಲ್ಲ. ಆ ಜಗಳ ಇನ್ನೊಂದು ಅಂಕಣಕ್ಕೆ.)

ರೈಫಲ್ ತೆಗೆಯುವುದೆಂದು ನಿಶ್ಚಯವಾಯಿತು. ಆದರೆ ನನ್ನದೊಂದು ಷರತ್ತು: ಬಾಯಿ ಯಾವತ್ತೂ ಗದ್ದೆಯ ಕಡೆಗಲ್ಲ, ಮನೆ ಹಿಂದಿನ ಬರೆಯ ಕಡೆಗೆ ಮಾತ್ರ. ಗುಂಡು ಮಣ್ಣಿಗೇ ಹೋಗಬೇಕು. ಚಿಕ್ಕಪ್ಪ ಒಪ್ಪಿದರು. ಆಗಸ್ಟ್‌ನಲ್ಲಿ ರಜೆ ಹಾಕಿ ಹೋದೆ. ಮೊದಲು ಅಜ್ಜನದನ್ನು ಬಂದೂಕು ರಿಪೇರಿಯವರಿಗೆ ತೋರಿಸಿದೆವು. ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರು. ಒಳಗಿನ ಸುರುಳಿ ಗೀರುಗಳು ಹೊಳೆಯಬೇಕಾದ ಕಡೆ ಸಿಡುಬಿನ ಕಲೆಯ ಹಾಗೆ ಗುಂಡಿಗಳು. ಹಳೇ ತೋಟಾಗಳ ಕೇಪಿನ ಮದ್ದು ಉಪ್ಪು ಬಿಡುತ್ತದಂತೆ. ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ನಮ್ಮ ಮಳೆಯಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು. ಬೋಲ್ಟಿನ ಮುಖಕ್ಕೂ ತೋಟಾದ ತಳಕ್ಕೂ ನಡುವಿನ ಸಂದು ಜಾಸ್ತಿಯಾಗಿದೆ ಎಂದರು. ತೋಟಾ ಒಡೆದು ಬಿಸಿಗಾಳಿ ಮುಖಕ್ಕೆ ಬರುವುದು ಹೀಗೆಯೇ. ಚಿಕ್ಕಪ್ಪನ ಹೆದರಿಕೆ ಸುಳ್ಳಲ್ಲ. ಹಳೇ ರೈಫಲ್ ಕೊಳ್ಳುವವರು ಹೊರಗಿನ ಪಾಲಿಶ್ ನೋಡಬೇಡಿ, ಈ ಎರಡನ್ನು ನೋಡಿಸಿ. ಬೋಲ್ಟಿನ ಮೇಲಿನ ನಂಬರೂ ಮೈಮೇಲಿನ ನಂಬರೂ ಒಂದೇ ಇರಬೇಕು. ಕೈ ಹಿಡಿಯುವ ಕಡೆ ಮರ ಸೀಳಿರಬಾರದು.

ಅಂಗಡಿಯಲ್ಲಿ ಹೊಸದು ತೆಗೆಯುವಾಗಲೂ ಮೊದಲು ಕೊಟ್ಟದ್ದನ್ನೇ ಹಿಡಿದು ಬರಬೇಡಿ. ನಾವು ಮೂರು ತೆಗೆಸಿದೆವು. ಬೋಲ್ಟ್ ಎಳೆದು ತಳ್ಳಿ ನೋಡಿದೆವು. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಬೋಲ್ಟ್ ಮುಂದೆ ತಳ್ಳುವಾಗ ಸ್ಪ್ರಿಂಗ್ ಬಿಗಿಯುತ್ತದೆ, ಕೊನೆಯಲ್ಲಿ ಸ್ವಲ್ಪ ಬಲ ಬೇಕು, ಅದು ದೋಷವಲ್ಲ. ಮೂರನೆಯದು ಚಿಕ್ಕಪ್ಪನ ಹೆಗಲಿಗೆ ಸರಿಯಾಗಿ ಕೂತಿತು. ಅಂಗಡಿಯವರು ದುರ್ಬೀನು ಹಾಕಿಸುವ ಮಾತೆತ್ತಿದರು. ಬೇಡ ಎಂದೆ. ಐವತ್ತು ಮೀಟರಿನ ತೆಂಗಿನಕಾಯಿಗೆ ಯಾತರ ದುರ್ಬೀನು? ಆ ದುಡ್ಡಿನಲ್ಲಿ ಗೋಡೆಗೆ ಬೋಲ್ಟ್ ಹಾಕಿ ಬಿಗಿಯುವ ಕಬ್ಬಿಣದ ಕಪಾಟು ತೆಗೆದೆ. ಅಜ್ಜನದನ್ನು ಡೀಲರ್ ಬಳಿ ಜಮಾ ಮಾಡಿ ರಸೀದಿ ತೆಗೆದುಕೊಂಡೆವು. ಅದನ್ನು ಕೊಡುವಾಗ ಚಿಕ್ಕಪ್ಪ ನಂಬರಿನ ಮೇಲೆ ಒಂದು ಸಲ ಬೆರಳಾಡಿಸಿ ಹೊರಗೆ ಹೋಗಿ ನಿಂತರು. ಒಟ್ಟು ಖರ್ಚು ನನ್ನ ಲೆಕ್ಕಕ್ಕಿಂತ ನಾಲ್ಕು ಸಾವಿರ ಜಾಸ್ತಿ.

ಸೆಪ್ಟೆಂಬರ್ 3ಕ್ಕೆ ಹೆಂಡತಿ, ಮಗಳನ್ನೂ ಕರೆದುಕೊಂಡು ಹೋದೆ. ದೇವರ ಕೋಣೆಯಲ್ಲಿ ಕೋವಿ, ಕತ್ತಿ, ರೈಫಲ್ ಸಾಲಾಗಿಟ್ಟು ತೋಕ್ ಪೂ ಸಿಕ್ಕಿಸಿದೆವು. ಮಧ್ಯಾಹ್ನ ಕಡುಬು, ಹಂದಿ ಸಾರು (ಹಂದಿ ಫಾರ್ಮಿನದು). ಸಂಜೆ ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಬರೆಯ ಮುಂದಿನ ಮರಕ್ಕೆ ಕಾಯಿ ಕಟ್ಟಿದೆವು. ಚಿಕ್ಕಪ್ಪನ ಮೊದಲ ಗುಂಡು ಮಣ್ಣಿಗೆ. ಎರಡನೆಯದೂ ಮಣ್ಣಿಗೆ. ಮೂರನೆಯದಕ್ಕೆ ಕಾಯಿ ಸಿಡಿಯಿತು. "ಕಣ್ಣು ಪೊರೆಯದ್ದು, ಕೈ ನಮ್ಮ ಮಾವನದೇ" ಎಂದರು ಅವ್ವ. ನಾನು ಎರಡು ಹೊಡೆದೆ. ಎರಡೂ ಎಲ್ಲಿ ಹೋದವೆಂದು ಬರೆಗೇ ಗೊತ್ತು.

ಮಗಳು ಕಿವಿ ಮುಚ್ಚಿಕೊಂಡಿದ್ದವಳು ಓಡಿಬಂದು ಖಾಲಿ ತೋಟಾ ಆರಿಸಿದಳು. ತಳದಲ್ಲಿ ಕೊರೆದ ಅಕ್ಷರ ಓದಿ, "ಅಪ್ಪ, ಕೆಎಫ್ ಅಂದರೇನು?" ಎಂದು ಕೇಳಿದಳು. ಕಿರ್ಕಿ ಫ್ಯಾಕ್ಟರಿ. 1869ರಲ್ಲಿ ಶುರುವಾದ, ಈಗಿನ ಖಡಕಿಯ ಮದ್ದುಗುಂಡು ಕಾರ್ಖಾನೆ. ಔಂಧ್‌ನ ನಮ್ಮ ಫ್ಲ್ಯಾಟಿನಿಂದ ನಾಲ್ಕೈದು ಕಿಲೋಮೀಟರ್. ಅವಳ ಸ್ಕೂಲ್ ಬಸ್ಸು ದಿನಾ ಖಡಕಿಯ ಮೇಲೆಯೇ ಹೋಗುತ್ತದೆ.